ಬೆಕ್ಕಿನ ನಿಲುವು, ಅತ್ತೆಯ ಕಾಲು

ನನ್ನ ಕಾಲು ಇನ್ನೊಬ್ಬರಿಗೆ ತಾಗಿದರೆ ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ಅದರ ಪಾಡಿಗೆ ಅದು ಕೆಳಗಿಳಿದು, ತಾಗಿದವರನ್ನು ಮುಟ್ಟಿ, ನನ್ನ ಕಣ್ಣಿಗೊತ್ತಿಕೊಂಡೇ ಸುಮ್ಮನಾಗುತ್ತದೆ. ಒಮ್ಮೆ ಸಿಡ್ನಿಯ ರೈಲಿನಲ್ಲಿ ಎದುರು ಕೂತಿದ್ದ ಬಿಳಿಯ ಹುಡುಗನ ಬೂಟಿಗೆ ನನ್ನ ಚಪ್ಪಲಿ ತಾಗಿತು. ನಾನು ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವನು ಬೆಚ್ಚಿಬಿದ್ದು ಬೇರೆ ಡಬ್ಬಿಗೇ ಹೋಗಿಬಿಟ್ಟ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದೆಲ್ಲ ಇದ್ದದ್ದೇ ಎಂದು ಮನೆಗೆ ಬಂದು ನಕ್ಕಿದ್ದೆ. ಇದೇ ಕೈ ಮುಂದೊಂದು ದಿನ ನನ್ನ ಜೀವ ಹಿಂಡುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಾವಿರುವುದು ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ. ನಲವತ್ತೈದು ದಾಟಿದ ಮೇಲೆ ಕಿವಿಯೊಳಗಿನ ಯಾವುದೋ ದೋಷದಿಂದ ನನಗೆ ತಲೆಸುತ್ತು ಶುರುವಾಯಿತು. ಆಫೀಸಿನ ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯುವ ಹಾಗಾದೆ. ಎಸ್ಕಲೇಟರ್ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಇದು ಪೂರ್ತಿ ಹೋಗುವಂಥದ್ದಲ್ಲ, ಬ್ಯಾಲೆನ್ಸ್ ಬರುವಂಥ ಏನಾದರೂ ವ್ಯಾಯಾಮ ಮಾಡಿ ಎಂದರು. ಹತ್ತಿರದ ಕಮ್ಯುನಿಟಿ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರಿಗಾಗಿ ಒಂದು ಕ್ಲಾಸು ನಡೆಯುತ್ತಿತ್ತು. ಯೋಗ ಇರಬೇಕು ಅಂದುಕೊಂಡು ಹೋದೆ. ನೋಡಿದರೆ ಕುಂಗ್‌ಫು!

ಕಲಿಸುವವರು ಮಲೇಶಿಯಾದಿಂದ ಬಂದ ಚೀನೀ ಹೆಂಗಸು, ನರ್ಸ್ ಕೆಲಸದಿಂದ ನಿವೃತ್ತರಾದವರು. ಅವರನ್ನು ನಾವು ಸಿಫು, ಅಂದರೆ ಗುರು, ಎಂದು ಕರೆಯುತ್ತಿದ್ದೆವು. ಮೊದಲ ದಿನ ಅವರು ನನ್ನನ್ನು ಕುದುರೆ ಏರಿದವಳ ಹಾಗೆ ಕಾಲು ಅಗಲಿಸಿ, ಮಂಡಿ ಬಾಗಿಸಿ ನಿಲ್ಲಿಸಿದರು. ಅದು ಕುದುರೆ ನಿಲುವು. ತೊಡೆ ಗಡಗಡ ನಡುಗಿತು. "ತಲೆ ತಿರುಗುತ್ತದೆ ಸಿಫು" ಅಂದೆ. "ತಿರುಗಲಿ. ಕಾಲು ತಿರುಗದಿದ್ದರೆ ಸಾಕು" ಅಂದರು. ಮೈಯೆಲ್ಲ ಉರಿಯಿತು. ಇಂಥ ಮಾತು ಕೇಳೋಕೆ ಭಾನುವಾರದ ನಿದ್ದೆ ಬಿಟ್ಟು ಬರಬೇಕಿತ್ತೆ? ಆದರೂ ಮುಂದಿನ ವಾರ ಮತ್ತೆ ಹೋದೆ. ಯಾಕೆಂದರೆ ಆ ವಾರವೆಲ್ಲ ಆಫೀಸಿನ ಗೋಡೆ ಹಿಡಿಯುವ ಮೊದಲು, ಒಮ್ಮೆ ಪಾದ ಊರಿ ನೋಡೋಣ ಅನ್ನಿಸುತ್ತಿತ್ತು.

ಆಮೇಲೆ ಒಂದೊಂದೇ ಪ್ರಾಣಿ ನಮ್ಮೊಳಗೆ ಬಂತು. ಹುಲಿಯದು ಮುಂದಿನ ಕಾಲಿನ ಮೇಲೆ ಭಾರ ಹಾಕಿ ನುಗ್ಗುವ ನಿಲುವು. ಕೊಕ್ಕರೆಯದು ಒಂಟಿ ಕಾಲು. ಹಾವಿನದು ಒಂದು ಕಾಲನ್ನು ಪೂರ್ತಿ ಮಡಿಸಿ ಕೂತು ಇನ್ನೊಂದನ್ನು ನೆಲದುದ್ದಕ್ಕೆ ಚಾಚಿ ಇಳಿಯುವುದು. ನನಗೆ ಇಷ್ಟವಾದದ್ದು ಬೆಕ್ಕಿನ ನಿಲುವು. ಭಾರವೆಲ್ಲ ಹಿಂದಿನ ಕಾಲಿನ ಮೇಲೆ, ಮುಂದಿನ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ. "ಮುಂದಿನ ಕಾಲು ಖಾಲಿ ಇರಬೇಕು. ಖಾಲಿ ಕಾಲು ಎಲ್ಲಿಗೆ ಬೇಕಾದರೂ ಹೋಗಬಲ್ಲದು" ಎಂದು ಸಿಫು ಹೇಳುತ್ತಿದ್ದರು. ಎಲ್ಲಿಗೆ ಹೋಗಬೇಕು ಅಂದರೆ, ಎದುರಾಳಿಯ ಹಿಮ್ಮಡಿಯ ಹಿಂದೆ. ಕೊಕ್ಕೆಯ ಹಾಗೆ ಸಿಕ್ಕಿಸಿ ಎಳೆದರೆ ಎದುರಿನವರು ಬೀಳಬೇಕು.

ಅಲ್ಲಿಗೆ ಬಂತು ನೋಡಿ ನನ್ನ ಗ್ರಹಚಾರ. ಜೋಡಿ ಅಭ್ಯಾಸ ಶುರುವಾದ ದಿನ ನನ್ನ ಕಾಲು ಜೊತೆಯವಳ ಕಾಲಿಗೆ ಸಿಕ್ಕಿಕೊಂಡಿದ್ದೇ ತಡ, ಕೈ ಸರ್ರನೆ ಕೆಳಗಿಳಿಯಿತು. ಮುಖಕ್ಕೆ ಅಡ್ಡವಿರಬೇಕಾದ ಕೈ ಅವಳ ಮೊಣಕಾಲ ಬಳಿ ಇತ್ತು. ಅವಳ ಅಂಗೈ ಬಂದು ನನ್ನ ಹಣೆಗೆ ಫಟ್ ಅಂತ ಬಿತ್ತು. ಮತ್ತೆ ಮಾಡಿದರೆ ಮತ್ತೆ ಅದೇ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಸಿಫು ನಗಲಿಲ್ಲ. ಯಾಕೆ ಎಂದು ಕೇಳಿದರು, ಹೇಳಿದೆ. "ಒಳ್ಳೆಯ ಪದ್ಧತಿ. ಹಾಲಿನ ಬಾಗಿಲ ಹೊರಗೆ ಮಾಡು" ಅಂದರು. ಹೇಳುವುದು ಸುಲಭ!

ನಗೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆ ವರ್ಷ ಸಿಫು ಮಗಳ ಜೊತೆ ಇರಲು ಮೆಲ್ಬರ್ನ್‌ಗೆ ಹೊರಟರು. ಕಲಿಸುವವರು ಇಲ್ಲದಿದ್ದರೆ ಹಾಲ್ ಬೇರೆಯವರ ಪಾಲಾಗುತ್ತಿತ್ತು. ಅವರ ಪದ್ಧತಿಯಲ್ಲಿ ಯಾರು ಬೇಕಾದರೂ ಕಲಿಸುವ ಹಾಗಿಲ್ಲ. ಸಿಫುವಿನ ಗುರು, ಮೆಲ್ಬರ್ನ್‌ನಲ್ಲಿರುವ ಹಿರಿಯ ಹೆಂಗಸು, ಖುದ್ದಾಗಿ ಪರೀಕ್ಷಿಸಿ ಒಪ್ಪಬೇಕು. ಅವರನ್ನು ನಾವು ದೊಡ್ಡ ಗುರು ಎನ್ನುತ್ತಿದ್ದೆವು. ನನಗಿಂತ ಮೊದಲು ಸೇರಿದವರೆಲ್ಲ ಬಿಟ್ಟುಹೋಗಿ, ನಮ್ಮಲ್ಲಿ ಹೆಚ್ಚು ಕಾಲದಿಂದ ಕಲಿಯುತ್ತಿದ್ದವಳು ನಾನೇ. ಸಿಫು ನನ್ನ ಕಡೆ ಬೊಟ್ಟು ಮಾಡಿದರು. ನಾನು ಪಾಸಾದರೆ ಕ್ಲಾಸು ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಆ ಕ್ಲಾಸು ಹೋದರೆ ನಾನು ಮತ್ತೆ ಗೋಡೆ ಹಿಡಿಯುತ್ತೇನೆ ಎಂಬ ಭಯ ನನಗೆ ಎಷ್ಟಿತ್ತೆಂದರೆ, ಊಟ ಸೇರುತ್ತಿರಲಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಜೊತೆ ಬೇಕಿತ್ತು. ಗಂಡನನ್ನು ಹಿತ್ತಲಿನಲ್ಲಿ ನಿಲ್ಲಿಸಿದೆ. ಕಾಲು ಸಿಕ್ಕಿಸಿದರೆ ಕಚಗುಳಿ ಅಂತ ಕುಣಿಯುತ್ತಾನೆ! "ನಿಮ್ಮ ಕೈಲಿ ಆಗೋದಿಲ್ಲ, ಒಳಗ ಹೋಗ್ರಿ" ಎಂದು ಓಡಿಸಿದೆ. ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದವರು ನನ್ನ ಅತ್ತೆ.

ಅತ್ತೆಯ ಬಗ್ಗೆ ಹೇಳಬೇಕು. ಧಾರವಾಡದವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಾನು ಕಾಲು ಕೆದರಿ ಜಗಳಕ್ಕೆ ಬರುವವಳು ಅಂತ ಅವರು, ಅವರ ನಾಲಿಗೆಗೆ ಎಲುಬಿಲ್ಲ ಅಂತ ನಾನು. ಹಿಂದಿನ ಚಳಿಗಾಲದಲ್ಲಿ ನಾವೆಲ್ಲ ಕೆಲಸಕ್ಕೆ ಹೋಗಿದ್ದಾಗ ಅವರು ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದರು. ಸಂಜೆ ನಾನು ಬಂದು ಬಾಗಿಲು ತೆಗೆಯುವ ತನಕ ಅಲ್ಲೇ ಬಿದ್ದಿದ್ದರು. ಮುರಿದದ್ದು ಮಣಿಕಟ್ಟು ಮಾತ್ರ, ಅದೂ ಕೂಡಿಕೊಂಡಿತು. ಆದರೆ ಅಂದಿನಿಂದ ಅವರು ಬಾತ್‌ರೂಮಿನ ಚಿಲಕ ಹಾಕುತ್ತಿರಲಿಲ್ಲ, ಮನೆಯೊಳಗೆ ಕುರ್ಚಿಯಿಂದ ಕುರ್ಚಿಗೆ ಕೈ ಊರಿ ನಡೆಯುತ್ತಿದ್ದರು. ಆ ದಿನದ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಆವತ್ತು ಅವರು ಲಟ್ಟಣಿಗೆ ಹಿಡಿದೇ ಹಿತ್ತಲಿಗೆ ಬಂದರು. ಚಪಾತಿ ಲಟ್ಟಿಸುತ್ತಿದ್ದ ಕೈಗೆ ಹಿಟ್ಟು ಮೆತ್ತಿತ್ತು. ಬಟ್ಟೆ ಒಣಹಾಕುವ ಕಂಬವನ್ನು ಒಂದು ಕೈಯಲ್ಲಿ ಹಿಡಿದು ನಿಂತರು.

"ನನ್ನ ಕಾಲಿಗೆ ಹಾಕು" ಅಂದರು.

"ಅತ್ತಿ, ಹುಚ್ಚಗಿಚ್ಚ ಹಿಡದೈತೇನ ನಿಮಗ? ನಿಮ್ಮ ಕಾಲಿಗೆ ನಾ ಕಾಲ ಹಚ್ಚಲೇನ?"

"ಹಚ್ಚವಾ. ಮದವಿ ಆದಾಗಿಂದ ಮನಸಿನ್ಯಾಗ ಹಚ್ಚಾಕತ್ತೀದಿ, ಈಗ ಖರೇನ ಹಚ್ಚು. ನನಗ ಹಚ್ಚಿದಾಗ ನಿನ್ನ ಕೈ ಇಳೀಲಿಲ್ಲಂದ್ರ ಆ ಚೀನಾದ ಮುದುಕಿಗೆ ಯಾಕ ಇಳೀತೈತಿ?"

ಮಾತು ಸರಿ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬೆಕ್ಕಿನ ನಿಲುವಿನಲ್ಲಿ ನಿಂತು, ಖಾಲಿ ಕಾಲನ್ನು ಹಗುರವಾಗಿ ಅವರ ಹಿಮ್ಮಡಿಯ ಹಿಂದೆ ಇಟ್ಟೆ. ಒಣಗಿದ, ಬಿರಿದ, ಕಾಲುಂಗುರದ ಗುರುತು ಇನ್ನೂ ಉಳಿದಿದ್ದ ಪಾದ. ನನ್ನ ಕೈ ಇಳಿಯಿತು. ಲಟ್ಟಣಿಗೆ ಮಣಿಕಟ್ಟಿಗೆ ಟಕ್ ಅಂತ ಬಿತ್ತು.

"ಕೈ ಮ್ಯಾಲ!"

ಹೀಗೆ ಶುರುವಾಯಿತು. ಸಂಜೆ ಆಫೀಸಿನಿಂದ ಬಂದು ಚಹಾ ಕುಡಿದು ಇಬ್ಬರೂ ಹಿತ್ತಲಿಗೆ. ಕೈ ಮ್ಯಾಲ, ಕೈ ಮ್ಯಾಲ ಎಂದು ಅತ್ತೆಯ ದನಿ ಬೇಲಿಯಾಚೆಗೂ ಕೇಳುತ್ತಿತ್ತು. ಪಕ್ಕದ ಮನೆಯ ಪಂಜಾಬಿ ಆಂಟಿ ಒಮ್ಮೆ ಇಣುಕಿ, ಏನು ಜಗಳ ಎಂದು ಹಿಂದಿಯಲ್ಲಿ ಕೇಳಿದರು. "ಸೊಸಿಗೆ ಬುದ್ಧಿ ಕಲಸಾಕತ್ತೀನಿ" ಎಂದು ಅತ್ತೆ ಕನ್ನಡದಲ್ಲೇ ಉತ್ತರಿಸಿದರು. ನನ್ನ ಮಣಿಕಟ್ಟು ಊದಿಕೊಂಡಿತು. ಆಫೀಸಿನಲ್ಲಿ ಯಾರೋ ಮರುಕದಿಂದ, ಮನೆಯಲ್ಲಿ ಎಲ್ಲ ಸರಿ ಇದೆಯಾ ಎಂದು ಕೇಳಿದರು. ಏನಂತ ಹೇಳಲಿ?

ನಾನು ಎಳೆದಾಗ ಬೀಳಬಾರದು ಎಂದು ಅತ್ತೆಯೂ ಕಾಲು ಅಗಲಿಸಿ, ಸೀರೆ ಎತ್ತಿ ಸಿಕ್ಕಿಸಿ ನಿಲ್ಲತೊಡಗಿದರು. "ನಾನೂ ಕುದರಿ ಹತ್ತೇನಿ, ಎಳಿ ಈಗ" ಎನ್ನುವರು. ಒಂದು ದಿನ ನಾನು ಜೋರಾಗಿ ಎಳೆದುಬಿಟ್ಟೆ. ಅವರು ತೂರಾಡಿ ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡರು. ಬೀಳಲಿಲ್ಲ. ಆದರೆ ಮುಖ ಬಿಳಚಿಕೊಂಡಿತ್ತು. ಲಟ್ಟಣಿಗೆ ಹುಲ್ಲಿನ ಮೇಲೆ ಬಿದ್ದಿತ್ತು. "ಇವತ್ತಿಗೆ ಸಾಕು" ಎಂದು ಒಳಗೆ ಹೋದರು. ಬಾತ್‌ರೂಮಿನ ಆ ದಿನ ಇನ್ನೂ ಅವರನ್ನು ಬಿಟ್ಟಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಇನ್ನು ಬರಲಾರರು ಅಂದುಕೊಂಡೆ. ಮರುದಿನ ಸಂಜೆ ಲಟ್ಟಣಿಗೆ ಹಿಡಿದು ಕಂಬದ ಹತ್ತಿರ ನಿಂತಿದ್ದರು.

ಪರೀಕ್ಷೆಗೆಂದು ನಾನು ಮೆಲ್ಬರ್ನ್‌ಗೆ ಹೊರಟಾಗ ಅವರೂ ಹೊರಟರು. ಅಲ್ಲಿನ ಕ್ರೇಗಿಬರ್ನ್‌ನಲ್ಲಿ ನನ್ನ ನಾದಿನಿ ಇದ್ದಾಳೆ, ಮಗಳನ್ನು ನೋಡಿದ ಹಾಗೂ ಆಯಿತು, ಸೊಸೆಯ ಕುಣಿತ ನೋಡಿದ ಹಾಗೂ ಆಯಿತು ಎಂದರು. ಪರೀಕ್ಷೆಯ ದಿನ ಬೆಳಿಗ್ಗೆ ಕೊರೆಯುವ ಚಳಿ. ನಾದಿನಿ ನಮ್ಮನ್ನು ಹಾಲಿಗೆ ಬಿಟ್ಟು ಹೋದಳು. ಬಾಗಿಲಲ್ಲಿ ಸಿಫು ನನ್ನ ಭುಜ ಹಿಡಿದು ಒಂದೇ ಮಾತು ಹೇಳಿದರು. "ಅವರು ಏನು ಬೇಕಾದರೂ ಮಾಡುತ್ತಾರೆ. ಅವರು ಬಾಗಿ ನಮಸ್ಕರಿಸುವ ತನಕ ಕೈ ಇಳಿಸಬೇಡ. ಇಳಿಸಿದರೆ ಮುಗಿಯಿತು."

ದೊಡ್ಡ ಗುರು ಗಿಡ್ಡ ಆಳು, ಹೆಣೆದ ಉಣ್ಣೆಯ ಕೋಟು, ಬೆಳ್ಳಗಿನ ಕತ್ತರಿಸಿದ ಕೂದಲು. ವಯಸ್ಸು ಅತ್ತೆಯಷ್ಟೇ ಇರಬೇಕು. ಮೊದಲು ಒಂಟಿಯಾಗಿ ನಿಲುವುಗಳನ್ನು ತೋರಿಸಬೇಕಿತ್ತು. ಹುಲಿಯಲ್ಲಿ ಇಳಿದೆ. ಅವರು ಬಂದು ನನ್ನ ಹಿಂದಿನ ಕಾಲಿನ ಹಿಮ್ಮಡಿಯನ್ನು ತಮ್ಮ ಬೂಟಿನ ತುದಿಯಿಂದ ತಳ್ಳಿ ನೋಡಿದರು. ಅಲುಗಲಿಲ್ಲ. ಕೊಕ್ಕರೆಯಾಗಿ ಒಂಟಿ ಕಾಲಲ್ಲಿ ನಿಂತೆ. ಅವರು ನನ್ನನ್ನು ಮರೆತವರ ಹಾಗೆ ಸಿಫುವಿನ ಜೊತೆ ಚೀನೀ ಭಾಷೆಯಲ್ಲಿ ಹರಟೆಗೆ ನಿಂತರು. ನಿಂತ ಕಾಲು ಮರಗಟ್ಟಿತು. ಕಿವಿಯೊಳಗೆ ಆ ಹಳೆಯ ಗುಂಯ್ ಸದ್ದು ಶುರುವಾಯಿತು. ಹಾಲಿನ ಕಿಟಕಿ ನಿಧಾನವಾಗಿ ಎಡಕ್ಕೆ ವಾಲತೊಡಗಿತು. ವಾಲಿದರೆ ವಾಲಲಿ, ಪಾದ ವಾಲದಿದ್ದರೆ ಸಾಕು ಎಂದು ಹಲ್ಲು ಕಚ್ಚಿ ನಿಂತೆ. ಕೊನೆಗೂ ತಿರುಗಿ ನೋಡಿ ತಲೆಯಾಡಿಸಿದರು.

ಆಮೇಲೆ ಜೋಡಿ. ಅವರೇ ಚಾಪೆಯ ಮೇಲೆ ಬಂದು ನನ್ನೆದುರು ನಿಂತರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಸೆರಗು ಬಿಗಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು.

ದೊಡ್ಡ ಗುರುವಿನ ಕೈ ಎಷ್ಟು ಚುರುಕೆಂದರೆ ನಾನು ತಡೆಯುವುದರಲ್ಲೇ ಹೈರಾಣಾದೆ. ಒಂದೆರಡು ಏಟು ಭುಜಕ್ಕೆ ಬಿತ್ತು. ಹಿಂದೆ ಸರಿದೆ, ಮತ್ತೆ ಸರಿದೆ. ಬೆಕ್ಕಿನ ನಿಲುವಿಗೆ ಬಂದೆ. ಅವರು ಒಂದು ಹೆಜ್ಜೆ ಉದ್ದಕ್ಕೆ ಇಟ್ಟರು, ಹಿಮ್ಮಡಿ ನನ್ನ ಕಾಲಳತೆಯಲ್ಲಿ ಬಂತು. ಖಾಲಿ ಕಾಲು ಹೋಗಿ ಸಿಕ್ಕಿಕೊಂಡಿತು. ಆ ಬೂಟಿನ ಮೇಲಿನ ಸಣಕಲು ಕಾಲು ನನ್ನ ಕಾಲಿಗೆ ತಾಗಿದ್ದು ನೆತ್ತಿಯ ತನಕ ಗೊತ್ತಾಯಿತು. ಬಲಗೈ ಮಿಡುಕಿತು. ಇಳಿಯಲಿಲ್ಲ. ಎಳೆದೆ.

ದೊಡ್ಡ ಗುರು ಧೊಪ್ಪನೆ ಬಿದ್ದರು. ಬಿದ್ದವರು ಏಳಲಿಲ್ಲ.

ಅಂಗಾತ ಬಿದ್ದು ಕಣ್ಣು ಮುಚ್ಚಿದ್ದರು, ಒಂದು ಕೈ ಸೊಟ್ಟಗೆ ಮೈಯ ಅಡಿ ಸಿಕ್ಕಿಕೊಂಡಿತ್ತು. ಸಿಫುವಿನ ಕಡೆ ಕಣ್ಣು ಹೊರಳಿಸಿದೆ. ಅವರ ಮುಖದಲ್ಲಿ ಏನೂ ಇಲ್ಲ. ಅಯ್ಯೋ ದೇವರೇ, ಕೊಂದೇಬಿಟ್ಟೆನಾ? ಆಗ ಕುರ್ಚಿ ಸರಿದ ಸದ್ದಾಯಿತು.

"ಏ, ಎತ್ತು ಆ ಮುದುಕೀನ! ಎತ್ತ ಅನ್ನಾಕತ್ತೀನಿ! ನೋಡಕೋತ ಏನ ನಿಂತೀ?"

ಅತ್ತೆ. ದನಿ ಚೀರುತ್ತಿತ್ತು. ನನ್ನ ಬೆನ್ನು ಬಾಗಲು ಹೊರಟಿತು, ಮಂಡಿ ಹೊರಟಿತು. ಬಾಗಿದರೆ ಕ್ಲಾಸು ಹೋಯಿತು. ಬಾಗದೆ, ಅವರಿಗೆ ನಿಜವಾಗಿ ಏನಾದರೂ ಆಗಿದ್ದರೆ? ಎರಡು ಕೈಯನ್ನೂ ಮುಖದ ಮುಂದೆಯೇ ಹಿಡಿದಿದ್ದೆ. ಕಣ್ಣಲ್ಲಿ ನೀರು ತುಂಬಿ ಬಿದ್ದವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ಶಿವನ, ಎತ್ತ ಅಕೀನ" ಎಂದು ಅತ್ತೆ ಇನ್ನೊಮ್ಮೆ ಕೂಗಿದರು. ನಾನು ಬಾಗಲಿಲ್ಲ.

ನೆಲದಿಂದ ಒಂದು ಕಾಲು ಚಾಟಿಯ ಹಾಗೆ ಬೀಸಿ ಬಂತು, ನೇರ ನನ್ನ ಮುಂದಿನ ಕಣಕಾಲಿಗೆ. ಆ ಕಾಲು ಖಾಲಿ ಇತ್ತು. ಅದು ತಾನಾಗಿ ಮೇಲೆದ್ದಿತು, ಏಟು ಕೆಳಗಿಂದ ಗಾಳಿಗೆ ಹೋಯಿತು, ನಾನು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದೆ. ದೊಡ್ಡ ಗುರು ಕಣ್ಣು ಬಿಟ್ಟು, ಹುಡುಗಿಯ ಹಾಗೆ ಎದ್ದು ಕೂತು, ನಕ್ಕು, ಎದ್ದು ಬಟ್ಟೆ ಕೊಡವಿ, ಬಾಗಿ ನಮಸ್ಕರಿಸಿದರು. ಸಿಫು ಓಡಿ ಬಂದು ತಬ್ಬಿಕೊಂಡು ಅತ್ತರು. ಪಾಸು! ಕ್ಲಾಸು ಉಳಿಯಿತು! ಕುಣಿದಾಡುವಷ್ಟು ಖುಷಿಯಾಗಿ ಕುರ್ಚಿಯ ಕಡೆ ತಿರುಗಿದರೆ, ಕುರ್ಚಿ ಖಾಲಿ.

ಅತ್ತೆ ಹೊರಗೆ ಕಾರು ನಿಲ್ಲಿಸುವಲ್ಲಿ ಕಟಕಟೆ ಹಿಡಿದು ನಿಂತಿದ್ದರು. "ಅತ್ತಿ, ಪಾಸಾದೆ" ಅಂದೆ. "ಹೂಂ" ಅಂದರು, ಅಷ್ಟೇ. ಕ್ರೇಗಿಬರ್ನ್ ಮುಟ್ಟುವ ತನಕ ನಾದಿನಿಯ ಮಾತೇ ಮಾತು, ಇವರದು ಮೌನ. ವಿಮಾನದಲ್ಲೂ ಮೌನ. ಬೈದರೆ ತಡೆದುಕೊಳ್ಳಬಹುದಿತ್ತು, ಈ ಮೌನ ನನ್ನನ್ನು ಸುಟ್ಟಿತು. ಮನೆಗೆ ಬಂದು ಬ್ಯಾಗು ಇಡುತ್ತಿದ್ದ ಹಾಗೆ ನನ್ನ ತಾಳ್ಮೆ ಹಾರಿಹೋಯಿತು.

"ಏನಾತು ಹೇಳ್ರಿ ಅತ್ತಿ! ಕೈ ಮ್ಯಾಲ ಅಂತ ದಿನಾ ಲಟ್ಟಣಗೀಲೆ ಹೊಡದವರು ನೀವ ಅಲ್ಲೇನ?"

"ಕಾಲ ತಾಗಿದ್ರ ಕೈ ಇಳಸಬ್ಯಾಡ ಅಂದಿದ್ದೆ. ಮಂದಿ ಬಿದ್ರ ನಿಂತ ನೋಡು ಅಂತ ನಾ ಕಲಸಿದ್ದಿಲ್ಲ."

"ಅಕೀ ನಾಟಕ ಮಾಡಾಕತ್ತಿದ್ಲು!"

"ಅದು ನಿನಗ ಗೊತ್ತಿತ್ತೇನ?"

ಗೊತ್ತಿರಲಿಲ್ಲ. ಅವರಿಗೆ ಅದು ನನ್ನ ಮುಖದಲ್ಲೇ ಕಂಡಿರಬೇಕು. ಸೋಫಾದ ತುದಿಗೆ ಕೂತು ಮಣಿಕಟ್ಟು ಉಜ್ಜಿಕೊಳ್ಳುತ್ತ, ಬಿದ್ದ ದಿನದ ಮಾತನ್ನು ಮೊದಲ ಸಲ ಆಡಿದರು.

"ಬಚ್ಚಲದಾಗ ಬಿದ್ದಾಗ ನೆಲ ಥಣ್ಣಗ ಇತ್ತು. ನಿನ್ನ ಹೆಸರ ಹಿಡದ ಒದರಿದೆ. ಮಗನ ಹೆಸರ ಅಲ್ಲ, ನಿಂದು. ನೀ ಬರ್ತಿ, ಎತ್ತತಿ ಅಂತ ಗೊತ್ತಿತ್ತು. ಅದೊಂದ ಧೈರ್ಯದ ಮ್ಯಾಲ ಸಂಜೀ ತನಕ ಬಿದ್ದಿದ್ದೆ. ಅಲ್ಲಿ ನೀ ನಿಂತದ್ದ ನೋಡಿದ ಮ್ಯಾಲ ಅಂಜಿಕಿ ಆಗೇತಿ ನನಗ."

ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಅತ್ತೆಯ ಮಾತು ತಪ್ಪು ಎಂದು ಒಮ್ಮೆ, ಸರಿ ಎಂದು ಒಮ್ಮೆ ಅನ್ನಿಸಿ, ಅಕ್ಕಿಗೆ ನೀರು ಹೆಚ್ಚಾಗಿ ಅಂದು ಅನ್ನ ಮುದ್ದೆಯಾಯಿತು. ಮುಂದಿನ ದಿನಗಳಲ್ಲಿ ಹಿತ್ತಲಿಗೆ ಅವರೂ ಬರಲಿಲ್ಲ, ನಾನೂ ಕರೆಯಲಿಲ್ಲ.

ನಾನು ಕಲಿಸುವ ಮೊದಲ ಭಾನುವಾರ ಬಂತು. ಹೊಸ ಗುರು ಎಂದು ಹೆಂಗಸರು ಚಪ್ಪಾಳೆ ಹೊಡೆದು ಗೇಲಿ ಮಾಡಿದರು. ಕುದುರೆ ನಿಲುವಿನಿಂದ ಶುರು ಮಾಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಅತ್ತೆ. ಮನೆಯಿಂದ ಒಬ್ಬರೇ ನಡೆದು ಬಂದಿದ್ದರು, ಕೈಯಲ್ಲಿ ಕೋಲೂ ಇಲ್ಲ, ಲಟ್ಟಣಿಗೆಯೂ ಇಲ್ಲ. ಯಾರನ್ನೂ ನೋಡದೆ ಚಾಪೆಯ ನಡುವಿಗೆ ಬಂದು, ಮೊದಲು ಮಂಡಿ ಊರಿ, ಆಮೇಲೆ ಕೈ ಊರಿ, ನಿಧಾನವಾಗಿ ಅಂಗಾತ ಮಲಗಿಬಿಟ್ಟರು.

"ಎತ್ತು" ಅಂದರು, ಸೂರು ನೋಡುತ್ತ.

ಬಗ್ಗಿ ಎಳೆದರೆ ನನಗೆ ತಲೆ ಸುತ್ತಿ ಇಬ್ಬರೂ ಬೀಳುತ್ತೇವೆ ಎಂದು ಗೊತ್ತಿತ್ತು. ಬೆನ್ನು ಬಗ್ಗಿಸಲಿಲ್ಲ. ಹಾವಿನ ನಿಲುವಿಗೆ ಇಳಿದೆ, ಒಂದು ಕಾಲು ಮಡಿಸಿ, ಇನ್ನೊಂದನ್ನು ನೆಲದುದ್ದಕ್ಕೆ ಚಾಚಿ. ಒಂದು ತೋಳನ್ನು ಅವರ ಬೆನ್ನಿನ ಅಡಿಗೆ ತೂರಿಸಿ ಎಬ್ಬಿಸಿ ಕೂರಿಸಿದೆ. ಅವರ ಪಾದ ಜಾರದ ಹಾಗೆ ನನ್ನ ಪಾದವನ್ನು ಅಡ್ಡ ಕೊಟ್ಟೆ. ಹಿಂದಿನ ಕಾಲಿಗೆ ಭಾರ ಎಳೆದುಕೊಂಡು ಮೇಲೆದ್ದೆ; ಅವರೂ ನನ್ನ ಜೊತೆ ಎದ್ದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅವರ ಬೆರಳುಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದವು, ಆಮೇಲೆ ಸಡಿಲಾದವು.

ಆಗ ನೋಡಿದೆ. ಅಡ್ಡ ಕೊಟ್ಟ ನನ್ನ ಪಾದ ಇನ್ನೂ ಅವರ ಪಾದಕ್ಕೆ ತಾಗಿಕೊಂಡೇ ಇತ್ತು. ಬಲಗೈ ಹೊರಟೇಬಿಟ್ಟಿತು.

ಅರ್ಧ ದಾರಿಯಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದು, ಎತ್ತಿ, ನನ್ನ ಮುಖದ ಮುಂದೆ ಇಟ್ಟರು.

"ಕೈ ಮ್ಯಾಲ" ಅಂದರು. "ನಾ ಮತ್ತ ಮಲಗತೇನಿ. ಉಳದವ್ರಿಗೂ ಎತ್ತೂದ ಕಲಸು."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಮತ್ತೆ ಚಾಪೆಗೆ ಇಳಿದರು.